ಮಾರಿ ಒಂದ ನಿಂದು

ಇಳಕಲ್ಲಿನ ನಮ್ಮ ಓಣಿಯ ಹೆಂಗಸರು ಸೀರೆ ನೇಯುವುದು ನೈಟಿ ಹಾಕಿಕೊಂಡು. ನೆಲ ಅಗೆದು ಹೂಡಿದ ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು ದಿನವೆಲ್ಲ ತುಳಿಯುವವಳಿಗೆ ನೆರಿಗೆ ಸಂಭಾಳಿಸುವ ಉಸಾಬರಿ ಯಾಕೆ? ಇದು ಬೆಂಗಳೂರಿನ ಸೀರೆ ಅಂಗಡಿಯ ಮೇಡಮ್ಮಿಗೆ ಗೊತ್ತಿರಲಿಲ್ಲ. ನಮ್ಮ ಬಾಗಿಲಲ್ಲಿ ನಿಂತು ನನ್ನ ನೈಟಿಯ ಮೇಲಿನ ಸೂರ್ಯಕಾಂತಿಗಳನ್ನು ನೋಡಿದಾಗ ಅವರ ಮುಖ ಸ್ವಲ್ಪ ಬಾಡಿತು.

ಅವರು ಬಂದದ್ದು ನ್ಯಾಯದ ವ್ಯಾಪಾರ ಮಾಡಲಿಕ್ಕೆ. ನಡುವೆ ಸಾವಕಾರ ಇಲ್ಲ. ನೇಯ್ದವಳ ಕೈಯಿಂದಲೇ ಸೀರೆ ಕೊಳ್ಳುವುದು, ಅವಳ ಫೋಟೋ ಇರುವ ಚೀಟಿಯೊಂದನ್ನು ಆ ಸೀರೆಗೆ ಕಟ್ಟಿ ಮಾರುವುದು. ಬೆಲೆ ಎಷ್ಟಿರಬೇಕೆಂದು ನನ್ನನ್ನೇ ಕೇಳಿದರು. ಇಷ್ಟು ವರ್ಷ ಮಗ್ಗದಲ್ಲಿ ಕೂತಿದ್ದೇನೆ, ಹಾಗೆ ಯಾರೂ ಕೇಳಿರಲಿಲ್ಲ. ಗಾಬರಿಯಲ್ಲಿ ಚಹಾಕ್ಕೆ ಸಕ್ಕರೆ ಎರಡು ಸಲ ಹಾಕಿದೆ.

ಕದದ ಹಿಂದೆ ನಿಂತು ಎಲ್ಲ ಕೇಳಿಸಿಕೊಂಡ ನಮ್ಮ ಅತ್ತೆ, "ಹಂಗಾರ ಇಷ್ಟ ದಿನಾ ನಾವು ಮಾಡಿದ್ದು ಅನ್ಯಾಯದ್ದೇನ್ರಿ?" ಎಂದರು.

"ಇಲ್ಲ ಅಜ್ಜಿ, ನೀವು ಮಾಡಿದ್ದಲ್ಲ, ನಿಮಗೆ ಆಗಿದ್ದು" ಎಂದರು ಮೇಡಮ್ಮು.

ಅತ್ತೆಗೆ ಉಳಿದ ಮಾತೊಂದೂ ಕೇಳಿಸಲಿಲ್ಲ. "ನಾ ಯಾರಿಗೆ ಅಜ್ಜಿ?" ಎಂದು ಅಡುಗೆಮನೆಯಲ್ಲಿ ನನ್ನನ್ನು ಕೇಳಿದರು. ಮೊಮ್ಮಕ್ಕಳು ಇಬ್ಬರು ಇದ್ದಾರೆ, ಆದರೆ ಅದನ್ನು ನೆನಪಿಸುವ ಹೊತ್ತು ಅದಾಗಿರಲಿಲ್ಲ.

ಫೋಟೋಕ್ಕೆ ಇಳಕಲ್ ಸೀರೆ ಉಡಬೇಕೆಂದರು ಮೇಡಮ್ಮು. ಊರಿಗೆಲ್ಲ ನೇಯ್ದುಕೊಟ್ಟ ನನ್ನ ಟ್ರಂಕಿನಲ್ಲಿದ್ದದ್ದು ಒಂದೇ ಸೀರೆ, ಅದನ್ನೂ ಇಲಿ ರುಚಿ ನೋಡಿತ್ತು. ಅತ್ತೆಯೇ ತಮ್ಮ ರೇಷ್ಮೆ ಸೆರಗಿನ ಸೀರೆ ತೆಗೆದು ಉಡಿಸಿ, ಕೊರಳಿಗೆ ತಮ್ಮ ಬೋರಮಾಳ ಹಾಕಿ, "ನಕ್ಕರ ಹಲ್ಲ ಕಾಣಸಬ್ಯಾಡ" ಎಂದು ಬುದ್ಧಿಯನ್ನೂ ಹೇಳಿದರು.

ತಿಂಗಳೊಪ್ಪತ್ತಿನಲ್ಲಿ ಚೀಟಿಗಳ ಕಟ್ಟು ಬಂತು, ಜೊತೆಗೆ ಮೊದಲ ಸೀರೆಗಳ ಬೇಡಿಕೆಯೂ ಬಂತು. ಸೊಂಟದ ಕೆಳಗಿನದೆಲ್ಲ ಕುಣಿಯೊಳಗಿದ್ದುದರಿಂದ ಫೋಟೋದಲ್ಲಿ ನಾನು ನೆಲದಿಂದ ಮೊಳೆತವಳ ಹಾಗಿದ್ದೆ. ಆದರೂ ಚೆನ್ನಾಗಿದ್ದೆ. ನನ್ನ ಗಂಡ ಒಂದು ಚೀಟಿಯನ್ನು ಚಹಾದ ಅಂಗಡಿಯವರೆಗೂ ಒಯ್ದು ತೋರಿಸಿ ಬಂದರು.

ಅತ್ತೆ ಅದನ್ನು ಕೈಯಳತೆ ದೂರ ಹಿಡಿದು, ಅದರಲ್ಲಿದ್ದ ನನ್ನ ಮುಖ ನೋಡಿದರು.

"ಸೀರಿ ನಂದು, ಬೋರಮಾಳ ನಂದು, ಕೊಂಡಿ ನಂದು. ಮಾರಿ ಒಂದ ನಿಂದು. ಚಲೋ ಆತು ಬಿಡವಾ."

ಅಷ್ಟೇ. ಮರುದಿನದಿಂದ ಕೊಂಡಿ ಬಂದ್.

ನಮ್ಮ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆ ಎಳೆಯನ್ನೂ ಒಂದರೊಳಗೊಂದು ಕುಣಿಕೆ ಸಿಕ್ಕಿಸಿ ಕೂಡಿಸುವುದೇ ಕೊಂಡಿ. ಅದಾಗದೆ ಸೀರೆಗೆ ಸೆರಗಿಲ್ಲ. ನಮ್ಮ ಮನೆಯಲ್ಲಿ ಅದನ್ನು ನಾನೂ ಅತ್ತೆಯೂ ಎದುರುಬದುರು ಕೂತು ಹಾಕುತ್ತೇವೆ. ಎಳೆ ಕೊಡುವವಳು ನಾನು, ಹದ ಇರುವುದು ಅವರ ಬೆರಳಿನಲ್ಲಿ.

"ಅತ್ತಿ, ಕೊಂಡಿ ಹಾಕೂಣ ಬರ್ರಿ."

"ಕಣ್ಣ ಮಂಜಾಗ್ಯಾವವಾ."

ಆಚೆ ಮನೆಯ ಆಡು ನಮ್ಮ ಜೋಳದ ಚೀಲಕ್ಕೆ ಬಾಯಿ ಹಾಕಿದ್ದು ಅಂದೇ ಸಂಜೆ ಅದೇ ಕಣ್ಣಿಗೆ ಕಟ್ಟೆಯ ಮೇಲಿಂದ ಕಂಡಿತು. ಆಮೇಲೆ ಮೊಣಕಾಲು ಹಿಡಿಯಿತು. ಆಮೇಲೆ ಭಕ್ತಿ ಉಕ್ಕಿತು. "ಸಂಗಮದ ಗುಡಿಗಿ ಹೋಗಿ ನಾಕ ದಿನ ಇದ್ದ ಬರ್ತೇನಿ" ಎಂದು ಚೀಲ ಹಿಡಿದು ಹೊರಟೇಬಿಟ್ಟರು. ಗಂಡನನ್ನು ಕೇಳಿದರೆ, "ನಿಮ್ಮಿಬ್ಬರ ನಡುವ ನಾ ಬರೂದಿಲ್ಲ" ಎಂದರು. ಮದುವೆಯಾದಂದಿನಿಂದ ಆ ಮಾತಿಗೆ ತಪ್ಪಿದವರಲ್ಲ.

ಮೊದಲ ಸೀರೆಯೇ ತಡವಾದರೆ ಮೇಡಮ್ಮು ಬೇರೆ ಮನೆಯ ಮಗ್ಗ ನೋಡುತ್ತಾರೆ. ನಾವು ಮತ್ತೆ ಸಾವಕಾರರ ಕಟ್ಟೆ ಹತ್ತಿ, ಅವರು ಹೇಳಿದ ಬೆಲೆಗೆ ಹೂಂ ಅನ್ನಬೇಕು. ಪಕ್ಕದ ಮನೆಯವಳನ್ನು ಕರೆದು ಕೂತೆ. ಮಧ್ಯಾಹ್ನದ ಹೊತ್ತಿಗೆ ಎಳೆಗಳು ಒಂದು ಕಡೆ ಬಿಗಿ, ಒಂದು ಕಡೆ ಜೋಲು.

ನಾಲ್ಕು ದಿನ ಎಂದವರು ಅದೇ ಸಂಜೆ ಹುನಗುಂದದ ಬಸ್ಸಿಗೆ ಬಂದಿಳಿದರು. ಕಾಲಿಗೆ ನೀರು ಹಾಕಿಕೊಳ್ಳುವ ಮೊದಲೇ ಮಗ್ಗದೊಳಗೆ ಇಣುಕಿದರು.

"ಯಾರ ಹಾಕೀರವಾ ಈ ಕೊಂಡಿ? ಎಮ್ಮಿ ಕಟ್ಟಾಕ ಬರ್ತೈತಿ."

ಅವರ ಮುಖದಲ್ಲಿ ಅಂಥ ಕಳೆ ನಾನು ಆ ವಾರದಲ್ಲಿ ಕಂಡಿರಲಿಲ್ಲ. ಪಕ್ಕದ ಮನೆಯವಳಿಗೂ ಕೈತುಂಬ ಪ್ರಸಾದ ಸಿಕ್ಕಿತು.

ಮೇಡಮ್ಮು ಸೀರೆ ನೋಡಲು ಬಂದಾಗ ಮಗ್ಗ ಇನ್ನೂ ಹಾಗೇ ಇತ್ತು, ಅತ್ತೆ ಕೈ ಹಚ್ಚಿರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಅತ್ತೆ ಇಲ್ಲದೆ ಕೊಂಡಿ ಇಲ್ಲ, ಚೀಟಿಯಲ್ಲಿ ಅವರೂ ಇರಬೇಕು.

"ಒಂದು ಸೀರೆಗೆ ಒಬ್ಬರೇ ಅಂತ ನಮ್ಮಲ್ಲಿ ನಿಯಮ ಇದೆಯಲ್ಲ" ಎಂದರು.

"ನನಗ್ಯಾಕ ಬೇಕ್ರಿ ಈ ವಯಸ್ಸಿನ್ಯಾಗ ಫೋಟೋ!" ಒಳಗಿನಿಂದ ಧ್ವನಿ ಬಂತು. ಅದರ ಹಿಂದೆಯೇ ಟ್ರಂಕಿನ ಮುಚ್ಚಳ ಕಿರುಗುಟ್ಟಿತು.

ನನ್ನ ಫೋಟೋದ ಚೀಟಿಯೊಂದನ್ನು ನಾನು ಕನ್ನಡಿಯ ಮೂಲೆಗೆ ಸಿಕ್ಕಿಸಿಕೊಂಡಿದ್ದೆ. ದಿನಾ ತಲೆ ಬಾಚುವಾಗ ನೋಡುತ್ತಿದ್ದೆ. ಆದರೂ ಅಂದೆ: "ಹಂಗಾರ ನನ್ನ ಮಾರಿ ತಗದು ಅವರದ ಹಾಕ್ರಿ."

ಅತ್ತೆ ಹೊರಗೆ ಬಂದರು, ಉಟ್ಟು, ಬಾಚಿಕೊಂಡು, ಬೋರಮಾಳ ಹಾಕಿಕೊಂಡು. "ನೇಯಾಕಿ ಅಕಿ, ಮಾರಿ ನಂದಾ? ಇದ್ಯಾವ ನ್ಯಾಯದ ವ್ಯಾಪಾರರೀ, ಮೇಡಮ್ಮಾರ?"

ಮೇಡಮ್ಮು ನನ್ನನ್ನು ನೋಡಿದರು, ಅತ್ತೆಯನ್ನು ನೋಡಿದರು, ಕೊನೆಗೆ ಮೊಬೈಲ್ ತೆಗೆದರು. "ಇಬ್ಬರೂ ಕೂತ್ಕೊಳ್ಳಿ. ಅಂಗಡಿಗೆ ನಾನು ಹೇಳ್ತೀನಿ. ಕೊಂಡಿ ಹಾಕೋ ಹಾಗೆ ಸುಮ್ಮನೆ ನಟಿಸಿ, ಸಾಕು."

ನಟಿಸುವುದು ಅತ್ತೆಗೆ ಎಲ್ಲಿಂದ ಬರಬೇಕು? ಕೂತವರೇ ನಮ್ಮ ಎಮ್ಮೆ ಕಟ್ಟುವ ಕೊಂಡಿಯನ್ನೆಲ್ಲ ಬಿಚ್ಚಿ, "ಎಳಿ ಕೊಡು" ಎಂದು ಕೈ ಚಾಚಿದರು. ಕೊಟ್ಟೆ. ಫೋಟೋ ಆಯಿತೆಂದು ಮೇಡಮ್ಮು ಹೇಳಿದರೂ ಏಳಲಿಲ್ಲ. "ಕೈ ಹಚ್ಚಿದ ಮ್ಯಾಲ ನಡುವ ಬಿಡಾಕ ಬರೂದಿಲ್ರಿ. ನೀವು ಚಾ ಕುಡೀರಿ." ಚಹಾ ಮಾಡುವವರು ಯಾರೂ ಇರಲಿಲ್ಲವಾದ್ದರಿಂದ ಮೇಡಮ್ಮೇ ಮಾಡಿದರು, ನಮಗೂ ಕೊಟ್ಟರು.

ಮುಂದಿನ ಸಲ ಹೊಸ ಚೀಟಿಗಳು ಬಂದವು. ಅತ್ತೆ ಮತ್ತೆ ಕೈಯಳತೆ ದೂರ ಹಿಡಿದರು. ಇಬ್ಬರೂ ಕೆಲಸದ ಮೇಲೆ ಬಗ್ಗಿದ್ದರಿಂದ ಫೋಟೋದಲ್ಲಿ ಇದ್ದದ್ದು ಎರಡು ತಲೆ, ನಾಲ್ಕು ಕೈ.

"ಇದರಾಗ ಮಾರೀನ ಇಲ್ಲಲ್ಲ!" ಎಂದರು. ಮತ್ತೆ ಕೊಂಡಿ ನಿಂತಿತು ಅಂದುಕೊಂಡೆ. ಅವರು ಮತ್ತೊಮ್ಮೆ ನೋಡಿ, ಕನ್ನಡಿಯ ಮೂಲೆಯಲ್ಲಿದ್ದ ಹಳೆಯದರ ಮೇಲೆ ಅದನ್ನು ಸಿಕ್ಕಿಸಿದರು.

"ಇರ್ಲಿ. ನನ್ನ ಬೈತಲಿ ನೆಟ್ಟಗ ಬಂದೈತಿ. ನಿಂದ ಸೊಟ್ಟ."