ಮಾಸ್ಕ್ ಸ್ವಂತದ್ದು, ಸಿಲಿಂಡರ್ ಬಾಡಿಗೆ

ಮಾಮನ ಬಲಗೈ ಬೆರಳಿನ ಗೆಣ್ಣುಗಳು ದಪ್ಪಗಾಗಿ, ಮೇಲಿನ ಚರ್ಮ ಹೊಳೆಯುತ್ತಿತ್ತು. ಬೆಂಗಳೂರಿನ ಪಕ್ಕದ ವಿಜಯಪುರದ ನಮ್ಮ ಬೀದಿಯಲ್ಲಿ ಶಾಮಿಯಾನ, ಪಾತ್ರೆ, ಕುರ್ಚಿ ಬಾಡಿಗೆಗೆ ಕೊಡುತ್ತಿದ್ದ ಅವರು ಯಾವ ಕೊಪ್ಪರಿಗೆಯನ್ನೂ ಆ ಗೆಣ್ಣಿನಿಂದ ಬಡಿದು ಸದ್ದು ಕೇಳದೆ ಅಂಗಡಿಯಿಂದ ಹೊರಗೆ ಬಿಟ್ಟವರಲ್ಲ. ಸದ್ದಿನಲ್ಲಿ ಸಂಶಯ ಬಂದರೆ ನೀರು ತುಂಬಿಸಿ, ಮದುವೆ ಮನೆಯವರನ್ನೇ ಬಗ್ಗಿಸಿ ತಳ ನೋಡಿಸುತ್ತಿದ್ದರು. ಹೊರಗೆ ಟೆಂಪೋದವನು ಎಷ್ಟು ಹಾರ್ನ್ ಹೊಡೆದರೂ ಅವರಿಗೆ ಅವಸರವಿಲ್ಲ. ಎದುರು ಮನೆಯವಳಾದ ನಾನು ಚಿಕ್ಕಂದಿನಿಂದ ಅವರನ್ನು ಮಾಮ ಎನ್ನುತ್ತಿದ್ದೆ. ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುವ ಕೆಲಸ ಸಿಕ್ಕ ಮೇಲೆ ಅವರು ನನ್ನನ್ನು ‘ಮೇಡಂನೋರೆ’ ಎಂದು ರೇಗಿಸತೊಡಗಿದರು.

ಅಂಗಡಿಯಲ್ಲಿ ಹಾಸಿಗೆ, ಜಮಖಾನ ಎಲ್ಲ ಸಿಗುತ್ತಿತ್ತು, ದಿಂಬು ಮಾತ್ರ ಇಲ್ಲ. ಯಾರಾದರೂ ಕೇಳಿದರೆ, “ದಿಂಬು ಅವರವರ ಮನೇದೇ ಆಗ್ಬೇಕು ಕಣಪ್ಪ. ಒಬ್ಬೊಬ್ಬರ ತಲೆ ಒಂದೊಂದು ಥರ” ಎನ್ನುತ್ತಿದ್ದರು. ಇದರಿಂದ ಗಿರಾಕಿ ಬೇರೆ ಅಂಗಡಿಗೆ ಹೋದರೂ ಅವರಿಗೆ ಬೇಸರವಿರಲಿಲ್ಲ.

ಸಹೋದ್ಯೋಗಿಗಳ ಜೊತೆ ಮುರುಡೇಶ್ವರಕ್ಕೆ ಹೋದವಳು ನೇತ್ರಾಣಿ ದ್ವೀಪದ ನೀರಿಗಿಳಿದು, ಪಾಠದಲ್ಲಷ್ಟೇ ಹೇಳುತ್ತಿದ್ದ ಹವಳವನ್ನು ಕಣ್ಣಾರೆ ಕಂಡೆ. ಅಂದಿನಿಂದ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವ ಸ್ಕೂಬಾ ಹುಚ್ಚು ಹಿಡಿಯಿತು. ತರಬೇತಿ ಮುಗಿಸಿ ರಜೆಗೊಮ್ಮೆ ಹೋಗುವ ರೂಢಿಯಾಯಿತು. ಹಾಗೆ ಹೋದ ಒಂದು ಸಲ, ಬೋಟಿನಲ್ಲಿ ಕೊಟ್ಟ, ಕಣ್ಣು ಮೂಗು ಮುಚ್ಚುವ ಬಾಡಿಗೆಯ ಮಾಸ್ಕ್ ಸಡಿಲವಾಗಿತ್ತು. ಎಲ್ಲರೂ ಸಿದ್ಧರಾಗಿ ಕೂತಿರುವಾಗ ಬೇರೆಯದು ಕೇಳಲು ಸಂಕೋಚವಾಗಿ ಅದನ್ನೇ ಹಾಕಿಕೊಂಡೆ. ನೀರೊಳಗೆ ಮೂಗಿಗೆ ಉಪ್ಪುನೀರು ನುಗ್ಗಿತು. ಬಾಯಲ್ಲಿ ಕಚ್ಚಿಕೊಂಡಿದ್ದ ಕೊಳವೆಯಿಂದ ಗಾಳಿ ಬರುತ್ತಲೇ ಇತ್ತು, ಆದರೂ ಸಾಲದು ಅನಿಸಿತು. ತರಬೇತುದಾರ ಕೈ ಹಿಡಿದು ಮೇಲೆ ತಂದಾಗ ನನ್ನ ಹಲ್ಲು ಕಟಕಟ ಎನ್ನುತ್ತಿತ್ತು. ಊರಿಗೆ ಬಂದವಳು ಮುಂದಿನ ರಜೆಗೆ ಹೋಗಲಿಲ್ಲ, ಅದರ ಮುಂದಿನ ರಜೆಗೂ ಹೋಗಲಿಲ್ಲ. ಎಲ್ಲ ಸ್ವಂತದ್ದು ಕೊಂಡರೆ ಸರಿಹೋಗುತ್ತದೆ ಎಂದು ಲೆಕ್ಕ ಹಾಕಿದೆ. ಇಡೀ ಸೆಟ್ಟಿನ ಬೆಲೆ ಒಂದು ಹೊಸ ಸ್ಕೂಟರಿನದ್ದು.

ಅಮ್ಮ ಕೇಳಿ ತಲೆ ಚಚ್ಚಿಕೊಂಡಳು. ನಾನು ರಸ್ತೆ ದಾಟಿ ಮಾಮನ ಅಂಗಡಿಗೆ ಹೋದೆ. ಫೋನಿನಲ್ಲಿ ಚಿತ್ರ ತೋರಿಸಿದೆ: ಸಿಲಿಂಡರ್, ಜಾಕೆಟ್, ಕಾಲಿಗೆ ಹಾಕುವ ರೆಕ್ಕೆ, ಮಾಸ್ಕ್.

“ವರ್ಷಕ್ಕೆ ಎಷ್ಟು ಸಲ ಮುಳುಗ್ತೀರಾ ಮೇಡಂನೋರೆ?”

“ಒಂದೋ ಎರಡೋ ಸಲ ಮಾಮ.”

“ಇದನ್ನೆಲ್ಲ ಇಡೋದೆಲ್ಲಿ? ನಿಮ್ಮಮ್ಮನ ರಾಗಿ ಡ್ರಮ್ಮೊಳಗಾ?”

ನಾನು ನಗಲಿಲ್ಲ. ಹೆದರಿದ್ದನ್ನು ಹೇಳಿಬಿಟ್ಟೆ. ಅವರು ಫೋನನ್ನು ಮೇಜಿನ ಮೇಲಿಟ್ಟು, ಮೇಡಂ ಬಿಟ್ಟು ಮಾತಾಡಿದರು.

“ನೀನು ಸಾಮಾನು ಕೊಳ್ಳೋಕೆ ಹೊರಟಿಲ್ಲ ಕಣಮ್ಮ, ಧೈರ್ಯ ಕೊಳ್ಳೋಕೆ ಹೊರಟಿದ್ದೀಯ. ಮುಖಕ್ಕೆ ಅಂಟೋದು ಒಂದು ಸ್ವಂತದ್ದು ತಗೋ. ಮಿಕ್ಕಿದ್ದೆಲ್ಲ ಬಾಡಿಗೆ. ಬಾಡಿಗೆ ಕೊಟ್ಟಷ್ಟು ಹೊತ್ತು ಅದೂ ನಿಂದೇ ತಾನೆ? ಸರಿಯಿಲ್ಲ ಅಂದ್ರೆ ಬೇರೆ ಕೊಡು ಅಂತ ಬಾಯ್ಬಿಟ್ಟು ಕೇಳು. ಕೇಳೋಕೆ ನಾಚ್ಕೊಂಡ್ರೆ ಸ್ವಂತದ್ದೂ ನಿನ್ನ ಕಾಪಾಡಲ್ಲ.”

ಬೆಂಗಳೂರಿನ ಅಂಗಡಿಯಲ್ಲಿ ಪಟ್ಟಿ ಹಾಕದೆ, ಮೂಗಿನಲ್ಲಿ ಉಸಿರೆಳೆದು, ಕೈಬಿಟ್ಟರೂ ಮುಖದಿಂದ ಬೀಳದ ಮಾಸ್ಕೊಂದನ್ನು ಆರಿಸಿ ತಂದೆ. ಮಾಮ ತಾವೂ ಹಾಕಿಕೊಂಡು ನೋಡಿದರು. ಅವರ ಮೀಸೆ ಬಿಡಲಿಲ್ಲ, ಹಾಕಿದೊಡನೆ ಜಾರಿತು. ಬೀದಿಯವರೆಲ್ಲ ನಕ್ಕರು. ಇಷ್ಟಕ್ಕೇ ಬಿಡದೆ, “ದಿನಾ ಬಿಸಿಲಿಗಿಡು, ವಾಸನೆ ಬರಲ್ಲ” ಎಂದು ಅಪ್ಪಣೆಯನ್ನೂ ಕೊಟ್ಟರು. ನಾನು ಹಾಗೇ ಮಾಡಿದೆ. ಬೇಸಿಗೆ ಕಳೆಯುವುದರೊಳಗೆ ಅದರ ಅಂಚಿನ ಬಿಳಿ ಸಿಲಿಕೋನ್ ಅರಿಶಿನ ಬಣ್ಣಕ್ಕೆ ತಿರುಗಿತು. ತೋರಿಸಿದರೆ ಒಂದು ಕ್ಷಣ ಪೆಚ್ಚಾಗಿ, “ನನ್ನ ಬುದ್ಧಿ ಚಾಪೆ ಜಮಖಾನಕ್ಕೇ ಸರಿ ಬಿಡಮ್ಮ” ಎಂದರು. ಅಂಟುವುದಕ್ಕೇನೂ ತೊಂದರೆಯಾಗಿರಲಿಲ್ಲ. ಅದನ್ನೇ ತೆಗೆದುಕೊಂಡು ಮತ್ತೆ ಸಮುದ್ರಕ್ಕೆ ಹೋದೆ.

ಬೋಟಿನಲ್ಲಿ ಕೊಟ್ಟ ಜಾಕೆಟ್ ಬಿಗಿಯಾಗಿತ್ತು. ಬೇರೆ ಕೊಡಿ ಎಂದೆ. ಕೊಟ್ಟರು, ಅಷ್ಟೇ. ನೀರೊಳಗೆ ಮೊದಲ ಗಳಿಗೆ ಎದೆ ಹೊಡೆದುಕೊಂಡಿತು. ಉಸಿರನ್ನು ಉದ್ದಕ್ಕೆ ಬಿಡುತ್ತ, ನಿಧಾನಕ್ಕೆ ಎಳೆಯುತ್ತ ಹೋದಂತೆ ಸಮಾಧಾನವಾಯಿತು. ತಿರುಗಿ ಬಂದು ಹೇಳಿದಾಗ ಅವರು ಸಮುದ್ರದ ಬಗ್ಗೆ ಏನೂ ಕೇಳಲಿಲ್ಲ. “ಜಾಕೆಟ್ ಬದಲಾಯಿಸಿಕೊಂಡ್ಯಾ? ಸರಿ” ಎಂದು ಟೀ ತರಿಸಿದರು.

ಹೋದ ವರ್ಷ ಮಾಮನ ಶ್ವಾಸಕೋಶ ಕೆಟ್ಟಿತು. ಆಸ್ಪತ್ರೆಯಿಂದ ಮನೆಗೆ ಕರೆತಂದು ಆಕ್ಸಿಜನ್ ಸಿಲಿಂಡರ್ ಇಟ್ಟರು. ಒಂದು ಮಧ್ಯಾಹ್ನ ಅವರ ಹೆಂಡತಿ ನಮ್ಮ ಬಾಗಿಲಿಗೆ ಓಡಿ ಬಂದರು. “ಮುಖಕ್ಕೆ ಹಾಕಿದ್ದನ್ನ ಕಿತ್ತು ಕಿತ್ತು ಎಸೀತಾರೆ ಕಣೇ, ನೀನಾದ್ರೂ ಹೇಳು ಬಾ.”

ಹೋಗಿ ನೋಡಿದರೆ ಅವರ ಕಣ್ಣಲ್ಲಿ ಇದ್ದದ್ದು ನನಗೆ ಚೆನ್ನಾಗಿ ಗೊತ್ತಿದ್ದ ಭಯ. ಗಾಳಿ ಬರುತ್ತಿದೆ, ಆದರೂ ಸಾಲದು. ಏದುಸಿರಿನಲ್ಲೇ ಕೇಳಿದರು, “ಇದು ಕೊಂಡಿದ್ದಾ... ಬಾಡಿಗೇನಾ?”

“ಬಾಡಿಗೆ ಮಾಮ. ಮಾತು ಬೇಡ. ನನ್ನ ನೋಡಿ, ನಾನು ಎಳೆದಂಗೆ ಎಳೀರಿ.”

ಮಾಸ್ಕನ್ನು ಮತ್ತೆ ಅವರ ಮುಖಕ್ಕಿಟ್ಟು ಕೈ ಹಿಡಿದುಕೊಂಡೆ. ಉದ್ದಕ್ಕೆ ಹೊರಗೆ, ನಿಧಾನಕ್ಕೆ ಒಳಗೆ. ಬಹಳ ಹೊತ್ತಿನ ಮೇಲೆ ಅವರ ಎದೆ ನನ್ನ ಉಸಿರಿಗೆ ಹೊಂದಿಕೊಂಡಿತು. ಬೆರಳ ಬಿಗಿ ಸಡಿಲಿತು, ಮತ್ತೆ ಮಾಸ್ಕ್ ಕೀಳಲಿಲ್ಲ. ಆ ವಾರವೇ ಅವರು ಹೋದರು.

ಅಂದು ಅವರ ಪಕ್ಕ ಕೂತಿದ್ದಾಗ, ಈ ಉಸಿರಾಟ ನನಗೆ ವಾಪಸು ಸಿಕ್ಕಿದ್ದೇ ನಿಮ್ಮಿಂದ ಮಾಮ, ಎನ್ನಬೇಕೆಂದು ಬಾಯಿಯವರೆಗೂ ಬಂದಿತ್ತು. ನಾನು ಮಾತಾಡಿದರೆ ಅವರೂ ಮಾತಾಡುತ್ತಾರೆ, ಮಾತಾಡಿದರೆ ಉಸಿರು ಖರ್ಚಾಗುತ್ತದೆ ಎಂದು ಸುಮ್ಮನೆ ಕೈ ಹಿಡಿದು ಕೂತಿದ್ದೆ.