ನಮ್ಮಾಕಿಯ ಖುರಾಕು

ಹೆಂಡತಿಯ ಸೊಂಟ ಮುರಿದರೆ ಗಂಡನಿಗೆ ದುಃಖವಾಗಬೇಕು. ನನಗೂ ಆಯಿತು. ಆದರೆ ಅದು ಕೂಡಿಕೊಳ್ಳುವ ಹೊತ್ತಿಗೆ ನನಗಾದದ್ದು ಅಪ್ಪಟ ಹೊಟ್ಟೆಕಿಚ್ಚು. ಮರ್ಯಾದಸ್ಥರು ಇದನ್ನೆಲ್ಲ ಹೇಳಿಕೊಳ್ಳುವುದಿಲ್ಲ. ನಿಮ್ಮ ಮುಂದೆ ನನಗೇನು ಸಂಕೋಚ?

ಎಂಬತ್ತರ ದಶಕದ ಮಾತು. ಬೆಟಗೇರಿಯ ನಮ್ಮ ಮನೆಯ ಬಚ್ಚಲಲ್ಲಿ ನಮ್ಮಾಕಿ ಜಾರಿಬಿದ್ದಳು. ಹುಬ್ಬಳ್ಳಿಯ ಒಂದು ದವಾಖಾನೆಯಲ್ಲಿ ಮುರಿದ ಕೀಲು ತೆಗೆದು ಲೋಹದ್ದೊಂದನ್ನು ಕೂಡಿಸಿದರು. ಎಲುಬೆಲ್ಲ ಒಳಗೊಳಗೇ ಟೊಳ್ಳಾಗಿದೆ ಎಂದ ಡಾಕ್ಟರು, "ಕೀಲು ನಾ ಹಾಕೀನ್ರಿ. ಎಬ್ಬಿಸಿ ನಡೆಸೋದು ಊಟದ ಕೆಲಸ. ಅವರಿಗೆ ಛಲೋ ಖುರಾಕು ಹಾಕ್ರಿ" ಎಂದು ಕಳಿಸಿದರು.

ಖುರಾಕು! ನಮ್ಮ ಕಡೆ ಈ ಮಾತು ಗರಡಿಮನೆಯದು. ಪೈಲವಾನನಿಗೆ ಬಾದಾಮಿ, ಹಾಲು, ತುಪ್ಪ ತಿನ್ನಿಸಿದರೆ ಅದು ಖುರಾಕು. ಮಾಸ್ತರನಿಗೆ ಹಾಕಿದ್ದು ಬರೀ ಊಟ. ಜೀವಮಾನವೆಲ್ಲ ಶಾಲೆಯಲ್ಲಿ ಗಂಟಲು ಹರಿದುಕೊಂಡ ನನಗೆ ಯಾವ ಡಾಕ್ಟರೂ ಖುರಾಕು ಹೇಳಲಿಲ್ಲ. ಈಗ ನೋಡಿ, ಸೊಸೆ ಶಾಂತಾ ಬಾಣಂತಿಯರಿಗೆ ಕಟ್ಟುವ ಅಂಟಿನುಂಡಿಯನ್ನೂ ಕಟ್ಟಿದಳು: ಕೊಬ್ಬರಿ, ಉತ್ತತ್ತಿ, ತುಪ್ಪದಲ್ಲಿ ಹುರಿದ ಅಂಟು. ಮೊಮ್ಮಕ್ಕಳ ಅಜ್ಜಿ ಒಂದೇ ಕಾಲಕ್ಕೆ ಪೈಲವಾನಳೂ ಬಾಣಂತಿಯೂ ಆದಳು. ಕೆನೆ ತೇಲುವ ಹಾಲಿನ ಬಟ್ಟಲು ನನ್ನ ಮೂಗಿನ ಮುಂದೆಯೇ ಹಾದುಹೋಗುತ್ತಿತ್ತು. ನನ್ನ ಪಾಲಿಗೆ ಕೆನೆ ತೆಗೆದ ಹಾಲಿನ ಚಹಾ.

ಆದರೆ ತಿನ್ನಬೇಕಾದವಳು ತಿನ್ನಬೇಕಲ್ಲ! ಎಲ್ಲರೂ ಉಂಡ ಮೇಲೆ ಪಾತ್ರೆಯ ತಳದಲ್ಲಿದ್ದದ್ದನ್ನು ಉಂಡೇ ಅವಳು ಮುದುಕಿಯಾಗಿದ್ದಳು. ಗಂಡನಿಗಿಂತ ಮೊದಲು ತುತ್ತೆತ್ತಲು ಅವಳಿಗೆ ಕೈಯೇ ಬರುತ್ತಿರಲಿಲ್ಲ. ಉಂಡಿಯನ್ನು ನನಗೆಂದು ತಲೆದಿಂಬಿನ ಕೆಳಗೆ ಬಚ್ಚಿಡುತ್ತಿದ್ದಳು. ಬೇಡವೆಂದರೂ ಕೇಳುತ್ತಿರಲಿಲ್ಲ, ಬೇಡವೆನ್ನುವಾಗ ನನ್ನ ಬಾಯಲ್ಲಿ ನೀರೂರುತ್ತಿದ್ದದ್ದು ಬೇರೆ ಮಾತು. ಗಾಯ ಬೇಗ ಮಾಯಲಿಲ್ಲ, ಎಬ್ಬಿಸಿ ನಿಲ್ಲಿಸಿದರೆ ಕಾಲು ಗಡಗಡ ನಡುಗುತ್ತಿದ್ದವು. ಮತ್ತೆ ತೋರಿಸಲು ಹೋದಾಗ ಡಾಕ್ಟರು ಸಿಟ್ಟಾದರು. ಹೀಗೆ ಅರೆಹೊಟ್ಟೆ ಇದ್ದರೆ ಇನ್ನು ಹಾಸಿಗೆಯೇ ಗತಿ ಎಂದರು. ಅವಳು ಏಳದಿದ್ದರೆ ನನ್ನ ಗತಿಯೇನು ಎಂದು ನನಗೆ ಭಯವಾಯಿತು.

ಶಾಂತಾ ತೀರ್ಪು ಕೊಟ್ಟಳು: ಅತ್ತೆ ತಿನ್ನುವಾಗ ಮಾವ ಒಳಗಿರಬಾರದು. ನಾನು ಕಟ್ಟೆಯ ಮೇಲೆ ಕುಳಿತು ತುಪ್ಪದ ವಾಸನೆ ಹೀರಿದೆ. ಪಕ್ಕದ ಮನೆಯ ಮಹಬೂಬಸಾಬ ಹಳೆಯ ಪೈಲವಾನ. ದಿನಾ ಬಂದು ಅಕ್ಕಾರ ಖುರಾಕು ಆಯಿತೇ ಎಂದು ವಿಚಾರಿಸುವನು; ನನ್ನ ಊಟವಾಯಿತೇ ಎಂದು ಒಮ್ಮೆಯಾದರೂ ಕೇಳಿದ್ದರೆ ಕೇಳಿ. ಅದಕ್ಕೂ ಹೊಟ್ಟೆ ಉರಿಯಿತು.

ಹೊಸ ಜೋಳ ಮನೆಗೆ ಬರುವ ಹೊತ್ತಿಗೆ ಅವಳ ಕೆನ್ನೆ ತುಂಬಿತ್ತು. ಒಂದು ಮಧ್ಯಾಹ್ನ ಕೋಲೂರಿಕೊಂಡು, ಯಾರ ಕೈಯನ್ನೂ ಹಿಡಿಯದೆ ಅಡುಗೆಮನೆಗೆ ಬಂದಳು. ನೆಲಕ್ಕೆ ಕೂಡಬಾರದೆಂದು ಹಾಕಿಸಿದ್ದ ಮೇಜಿನ ಮುಂದೆ ಕುರ್ಚಿಯಲ್ಲಿ ಕುಳಿತಳು. ನಾನು ಎದುರಿಗೆ ಕುಳಿತೆ. ರೂಢಿ ಸುಮ್ಮನೆ ಬಿಡುತ್ತದೆಯೇ? ಶಾಂತಾ ಮೊದಲ ತಾಟನ್ನು ನನ್ನ ಮುಂದಿಟ್ಟಳು: ಬಿಸಿ ರೊಟ್ಟಿ, ಬೆಣ್ಣೆ, ಹೆಸರುಕಾಳಿನ ಪಲ್ಯ. ನಮ್ಮಾಕಿ ಕೈ ಚಾಚಿ ತಾಟನ್ನು ತನ್ನ ಕಡೆಗೆ ಎಳೆದುಕೊಂಡಳು.

"ಇದು ನಂದ್ರಿ. ನಿಮ್ಮದು ಆಮ್ಯಾಲ ಬರತೈತಿ."

ರೊಟ್ಟಿ ಮುರಿದು, ಬೆಣ್ಣೆ ಹಚ್ಚಿ, ತಲೆ ಬಗ್ಗಿಸಿ ಉಣ್ಣತೊಡಗಿದಳು. ಸುಳ್ಳೇಕೆ ಹೇಳಲಿ, ಹೊಟ್ಟೆ ಚುರುಚುರು ಉರಿಯಿತು. ಇನ್ನು ಇವಳಿಗೇನೂ ಆಗುವುದಿಲ್ಲ ಎಂದು ಖಾತ್ರಿಯಾದದ್ದೂ ಆ ಉರಿಯಲ್ಲೇ.