ಹೊಸ ಓದುಗರು ಚಪ್ಪಲಿ ಬಿಡುವ ಜಾಗ

ಪರರ ಮನೆಗೆ ಮೊದಲ ಸಲ ಹೋದವರಿಗೆ ಎದುರಾಗುವ ಪ್ರಥಮ ಸಮಸ್ಯೆ, ಚಪ್ಪಲಿ ಎಲ್ಲಿ ಬಿಡಬೇಕು ಎಂಬುದು. ಕಟ್ಟೆಯ ಕೆಳಗೋ, ಮೇಲೋ, ಬಾಗಿಲ ಬದಿಗೋ? ಅಷ್ಟು ದೂರ ಧೀರಗಂಭೀರರಾಗಿ ನಡೆದು ಬಂದವರು ಹೊಸ್ತಿಲ ಮುಂದೆ ಒಂದು ಕಾಲಿನದನ್ನು ಬಿಟ್ಟು, ಇನ್ನೊಂದನ್ನು ಬಿಡಲೋ ಬೇಡವೋ ಎಂದು ಕೊಕ್ಕರೆಯ ಹಾಗೆ ನಿಂತುಬಿಡುವುದನ್ನು ನೀವೂ ಕಂಡಿರುತ್ತೀರಿ. ಈಚೆಗೆ ಗದಗಿನ ನಮ್ಮ ಮನೆಯ ಬಾಗಿಲಲ್ಲಿ ಹಾಗೆ ನಿಂತವಳು ಹೊರಗಿನವಳಲ್ಲ, ಅಡರಕಟ್ಟಿಯಲ್ಲಿರುವ ನನ್ನ ತಂಗಿಯ ಮಗಳು ಶಿವಲೀಲಾ. ಸಣ್ಣಂದಿನಿಂದ ಚಪ್ಪಲಿಗಳನ್ನು ದಿಕ್ಕಿಗೊಂದರಂತೆ ತೂರಿ ಒಳಗೆ ನುಗ್ಗುತ್ತಿದ್ದ ಹುಡುಗಿ ಅಂದು ಅನುಮಾನಿಸಿ ನಿಂತಳೆಂದರೆ ಏನೋ ಇದೆ ಎಂದೇ ಅರ್ಥ.

ಇದ್ದದ್ದು ನನ್ನದೇ ಪ್ರತಾಪ. ಡಿಗ್ರಿಗೆ ಇತಿಹಾಸ, ಸಾಹಿತ್ಯ ತೆಗೆದುಕೊಂಡಾಗ ಅವಳು "ಮಾಮಾ, ಏನೇನು ಓದಬೇಕು, ಒಂದು ಪಟ್ಟಿ ಬರದು ಕೊಡ್ರಿ" ಎಂದಿದ್ದಳು. ಜೀವಮಾನವೆಲ್ಲ ಪಾಠ ಹೇಳಿ, ನಿವೃತ್ತನಾಗಿ, ಯಾರಾದರೂ ಏನಾದರೂ ಕೇಳಿಯಾರೇ ಎಂದು ಕಾದು ಕುಳಿತಿದ್ದವನು ನಾನು. ಇತಿಹಾಸ, ಕಾವ್ಯ, ತತ್ತ್ವಶಾಸ್ತ್ರಗಳನ್ನು ಗ್ರಂಥಕರ್ತರ ಕಾಲಾನುಕ್ರಮದಲ್ಲಿ ಜೋಡಿಸಿ ನಾಲ್ಕು ಪುಟ ಬರೆದೆ. ಬರೆದು ಓದಿಕೊಂಡಾಗ, ಇಂಥ ಪಟ್ಟಿ ಮಾಡಿದ ಮಹಾನುಭಾವ ಯಾರಿರಬಹುದು ಎಂದು ನನಗೇ ಗೌರವ ಉಕ್ಕಿತು.

"ಮಾಮಾ, ನಾ ಕಾಲೇಜು ಬಿಡ್ತೀನ್ರಿ" ಎಂದಳು ಶಿವಲೀಲಾ, ಹೊಸ್ತಿಲಾಚೆಯಿಂದಲೇ. "ಸೋಮವಾರ ಅಪ್ಪಾ ಟಿ.ಸಿ. ತಗೊಳ್ಳಾಕ ಬರ್ತಾನ. ನನ್ನ ತಲಿ ಇದಕ್ಕ ಸಾಲಂಗಿಲ್ಲ."

"ಯಾಕವಾ, ಏನಾತು?"

"ದಸರಾದಿಂದ ಮೊದಲನೇ ಪುಸ್ತಕನ ಹಿಡದೀನ್ರಿ. ಅದರೊಳಗ ಎಲ್ಲಾರೂ ಮೊದಲಿಂದ ಗುರುತು ಇದ್ದವರಂಗ ಮಾತಾಡ್ಕೋತ ಕುಂತಾರ. ನನ್ನ ಕಡೆ ಯಾರೂ ಹೊಳ್ಳಿ ಸೈತ ನೋಡಂಗಿಲ್ಲ. ನಾ ಬಾಗಲದಾಗ ನಿಂತೀನಿ."

ಸಹನೆಯ ಮಹಿಮೆಯನ್ನು ಕುರಿತು ಒಂದು ಪ್ರವಚನ ನನ್ನ ಗಂಟಲವರೆಗೆ ಬಂದಿತ್ತು. ಅಷ್ಟರಲ್ಲಿ ಅಡುಗೆಮನೆಯಿಂದ ನನ್ನಾಕೆ ಗೌರಿಯ ಧ್ವನಿ: "ತಡೀರಿ, ನಿಮ್ಮ ಭಾಷಣ ಆಮ್ಯಾಗ. ಬಾರವಾ ಒಳಗ, ಕುಂಡ್ರು. ನಾನೂ ಲಕ್ಷ್ಮೇಶ್ವರದಾಗ ಹಿಂಗ ನಿಂತಿದ್ನಿ."

ಗೌರಿ ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿಯವಳು. ಮದುವೆಯಾಗಿ ಬಂದಾಗ ಲಕ್ಷ್ಮೇಶ್ವರದಲ್ಲಿದ್ದ ನಮ್ಮ ಬಳಗವೋ ಓಣಿಗೆ ಓಣಿಯೇ. ಹೊಸ ಸೊಸೆಗೆ ಉಡಿ ತುಂಬಲು ಮನೆಮನೆಯಿಂದ ಕರೆ ಬಂದಾಗ ಅವಳನ್ನು ಕರೆದುಕೊಂಡು ಹೊರಟವಳು ನಮ್ಮ ದೊಡ್ಡವ್ವ. ಉಡಿಯ ಅಕ್ಕಿ, ಕೊಬ್ಬರಿ ಹೊರುವ ಎತ್ತಾಗಿ ಹಿಂದಿನಿಂದ ನಾನು. ಪ್ರತಿ ಹೊಸ್ತಿಲ ಮುಂದೂ ದೊಡ್ಡವ್ವ ಒಂದು ಕ್ಷಣ ನಿಂತು ಸೊಸೆಯ ಕಿವಿಯಲ್ಲಿ ಪಿಸುಗುಡುತ್ತಿದ್ದಳು.

"ಇವರು ಒದರತಾರ. ಜಗಳಲ್ಲ ಅದು, ಇವರ ಪ್ರೀತೀನ ಹಂಗ. ಅಂಜಬ್ಯಾಡ." ಇನ್ನೊಂದು ಮನೆಯಲ್ಲಿ: "ಇಕಿಗೂ ಆ ಹಸರ ಬಾಗಲದಾಕಿಗೂ ಮಾತಿಲ್ಲ. ಇಬ್ಬರದೂ ಕೇಳು, ಈಗ ಯಾರ ಕಡೀನೂ ಆಗಬ್ಯಾಡ." ಮತ್ತೊಂದರಲ್ಲಿ: "ಇಲ್ಲಿ ಚಾ ಕುಡದು ಎದ್ದುಬಿಡೋಣು. ಊಟಕ್ಕ ಮುಂದಿನ ವರ್ಷ ಬರೋಣು." ಮೊದಲ ದಿವಸ ಮೂರೇ ಮನೆ. "ಹೊಟ್ಟಿನೂ ತುಂಬಿರಬೇಕು, ಇನ್ನೂ ಹೋಗಬೇಕು ಅಂತನೂ ಅನಿಸಬೇಕು" ಎನ್ನುವುದು ಅವಳ ಲೆಕ್ಕ.

ಗೌರಿ ಇದನ್ನೆಲ್ಲ ಹೇಳಿ, "ಇವರ ಪಟ್ಟ್ಯಾಗ ಮನಿ ಅದಾವ, ದೊಡ್ಡವ್ವ ಇಲ್ಲ" ಎಂದುಬಿಟ್ಟಳು. ನಾನು ಪಟ್ಟಿಯನ್ನು ಮತ್ತೆ ನೋಡಿದೆ. ಕಾಲಾನುಕ್ರಮವೆಂದರೆ, ಹೊಸ ಮದುಮಗಳನ್ನು ಎಲ್ಲಕ್ಕಿಂತ ಮೊದಲು ಬಳಗದ ಅತ್ಯಂತ ವೃದ್ಧ, ಅತ್ಯಂತ ಕಿವುಡ ಮುತ್ತಜ್ಜನ ಮುಂದೆ ಕೂಡಿಸಿ, ಮಾತಾಡವಾ ಎಂದು ನಾನು ಹೊರಗೆ ಹೋಗಿಬಿಟ್ಟಂತೆ!

ಅಂದು ಮಧ್ಯಾಹ್ನವೇ ಹೊಸದಾಗಿ ಬರೆದೆ. ಮೂರೇ ಪುಸ್ತಕ, ಮೂರೂ ನನ್ನ ಕಪಾಟಿನಿಂದಲೇ ಅವಳ ಚೀಲಕ್ಕೆ. ಒಂದರ ಪಕ್ಕ, "ಮೊದಲೆರಡು ಅಧ್ಯಾಯ ಬರೆದವರ ಗಂಟಲು ಸರಿಮಾಡಿಕೊಳ್ಳುವಿಕೆ, ಮೂರನೆಯದರಿಂದ ಒಳಗೆ ಬಾ." ಇನ್ನೊಂದರ ಪಕ್ಕ, "ಇವರು ಮೊದಲನೆಯವರ ಮೇಲೆ ಸಿಟ್ಟಿನಿಂದ ಬರೆದಿದ್ದಾರೆ; ಸಿಟ್ಟು ಯಾಕೆಂದು ನೋಡು." ಮೂರನೆಯದು ಹಳೆಯ ಕೆತ್ತನೆಯ ಕಲ್ಲುಗಳನ್ನು ಕುರಿತ ತೆಳ್ಳನೆಯದು: "ಚಿತ್ರಗಳಷ್ಟನ್ನೇ ನೋಡಿ ಎದ್ದು ಹೊರಗೆ ಹೋಗು." ಗೌರಿ ಫೋನಿನಲ್ಲಿ ಹುಡುಗಿಯ ಅಪ್ಪನಿಗೆ, "ಟಿ.ಸಿ. ಎಲ್ಲೂ ಓಡಿ ಹೋಗಂಗಿಲ್ರೀ ಅಣ್ಣಾರ, ಮುಂದಿನ ಸೋಮವಾರತನಕ ತಡೀರಿ" ಎಂದಳು. ಆತ ಒಲ್ಲದ ಮನಸ್ಸಿನಿಂದ ಹ್ಞೂಂ ಅಂದ.

ಆ ಸೋಮವಾರ ಬರುವ ಮುನ್ನವೇ, ಒಂದು ಬೆಳಗ್ಗೆ, ಅಡರಕಟ್ಟಿಯಿಂದ ಫೋನು.

"ಮಾಮಾ, ನಾವು ಬಸ್ಸಿಗೆ ಕಾಯೂವಲ್ಲಿ ಒಂದು ಕಲ್ಲು ಐತೆಲ್ರಿ, ಅದು ವೀರಗಲ್ಲ್ರೀ! ಕೆಳಗ ಒಬ್ಬಾಂವ ಬಡದಾಡಾಕತ್ತಾನ, ಹಿಂದ ದನಾ ಅದಾವ. ನಡುವ ಹೆಣ್ಮಕ್ಕಳು ಅವನ್ನ ಕರಕೊಂಡು ಮ್ಯಾಲೆ ಹೊಂಟಾರ. ತುದೀಗೆ ಲಿಂಗದ ಮುಂದ ಕುಂತಾನ. ದನಾ ಬಿಡಿಸಾಕ ಹೋಗಿ ಸತ್ತಾನ್ರಿ ಅಂವ! ನಾ ಇಷ್ಟು ವರ್ಷ ಅವನ ತಲಿ ಮ್ಯಾಲೆ ಚೀಲಾ ಇಟ್ಟು ನಿಂತೀನಿ." ಆ ಕಲ್ಲಿನವನಿಗೆ ಕೇಳಿಸೀತೇನೋ ಎಂಬಂತೆ ಅವಳ ಧ್ವನಿ ತಗ್ಗಿತು. "ಅಪ್ಪಗೂ ತೋರಿಸಿದ್ನಿ. ಅಂವ ಚಪ್ಪಲಿ ಬಿಟ್ಟು ನಿಂತ."

ಫೋನು ಹಿಡಿದುಕೊಂಡೇ ನಾನು ಬೆರಗಾಗಿ ಕುಳಿತೆ. ಎಷ್ಟೋ ನೂರು ವರ್ಷಗಳಿಂದ ಆ ಮನುಷ್ಯ ಬಿಸಿಲು ಮಳೆಯಲ್ಲಿ ನಿಂತು ತನ್ನ ಕಥೆಯನ್ನು ಹೇಳುತ್ತಲೇ ಇದ್ದಾನೆ. ಆ ಹುಡುಗಿ ಅವನಿಗೆ ಒರಗಿಕೊಂಡೇ ಬೆಳೆದಿದ್ದಾಳೆ. ಇಬ್ಬರ ನಡುವೆ ಗೇಣಿನ ಅಂತರವೂ ಇಲ್ಲ. ಆ ಗೇಣಿನಲ್ಲಿ ನಾನು ನಾಲ್ಕು ಪುಟ ತುರುಕಿದ್ದೆನಲ್ಲ! ಇವನು ನಿನ್ನವನೇ ಎಂದು ಕಿವಿಯಲ್ಲಿ ಹೇಳುವ ಒಂದು ಪಿಸುಮಾತು ಸಾಕಾಗಿತ್ತು. ಸೋಮವಾರ ಬಂತು, ಹೋಯಿತು, ಟಿ.ಸಿ.ಯ ಮಾತನ್ನು ಯಾರೂ ಎತ್ತಲಿಲ್ಲ.

ನಿನ್ನೆ ಶಿವಲೀಲಾ ಬಂದಳು. ಅವಳ ಚಪ್ಪಲಿ ಒಂದು ತುಳಸಿಕಟ್ಟೆಯ ಕಡೆ, ಇನ್ನೊಂದು ಬೋರಲು. ಆದರೆ ಹೊಸ್ತಿಲಾಚೆ ಅವಳ ಗೆಳತಿಯೊಬ್ಬಳು, ಅದೇ ತರಗತಿಯವಳಂತೆ, ಒಂದು ಕಾಲಿನದನ್ನು ಬಿಟ್ಟು ನನ್ನ ಕಪಾಟಿನ ಪುಸ್ತಕಗಳನ್ನು ನೋಡುತ್ತ ಕೊಕ್ಕರೆಯಾಗಿ ನಿಂತಿದ್ದಳು. ಶಿವಲೀಲಾ ಹೊಳ್ಳಿ ಹೋಗಿ ಅವಳ ಕಿವಿಯಲ್ಲಿ ಪಿಸುಗುಟ್ಟಿದ್ದು ನನಗೂ ಕೇಳಿಸಿತು:

"ಅಲ್ಲೇ ಬಿಡು, ಏನಾಗಂಗಿಲ್ಲ. ಇವರು ನಮ್ಮ ಮಾಮಾ. ಮಾತು ಭಾಳ, ಅಂಜಬ್ಯಾಡ. ಮೊದಲೆರಡು ಅಧ್ಯಾಯ ಬಿಟ್ಟು ಮೂರನೇದರಿಂದ ಕೇಳು."